ಹದಿನಾಲ್ಕು ತಿಂಗಳ ಸರ್ಕಾರ

ವೋಟು ಹಾಕುವುದು ನಮಗೆಲ್ಲ ಗೊತ್ತು. ಸಾಲಿನಲ್ಲಿ ನಿಲ್ಲುತ್ತೇವೆ. ಬೆರಳಿಗೆ ಶಾಯಿ ಹಾಕಿಸಿಕೊಳ್ಳುತ್ತೇವೆ. ಗುರುತು ನೋಡಿ ಗುಂಡಿ ಒತ್ತುತ್ತೇವೆ. 'ಪೀಂ' ಅಂತ ಸದ್ದು ಬರುತ್ತದೆ. ಅಲ್ಲಿಗೆ ನಮ್ಮ ಕೆಲಸ ಮುಗಿಯಿತು ಅಂದುಕೊಂಡು ಮನೆಗೆ ಬರುತ್ತೇವೆ.

ಆಮೇಲೆ ಬೆಂಗಳೂರಿನಲ್ಲಿ ಸರ್ಕಾರ ಆಗುತ್ತದೆ. ಕೆಲವು ಸಲ ಅದು ಐದು ವರ್ಷ ನಡೆಯುತ್ತದೆ. ಕೆಲವು ಸಲ ನಡುವೆಯೇ ಬೀಳುತ್ತದೆ. 2018ರಲ್ಲಿ ಆದ ಸರ್ಕಾರ ಹದಿನಾಲ್ಕೇ ತಿಂಗಳಿಗೆ ಬಿತ್ತು. ಅತ್ತಿಗುಂಡಿಯ ಅಕ್ಕಂದಿರು ಕೇಳುವ ಪ್ರಶ್ನೆ ನೇರವಾಗಿದೆ. "ನಾವು ಒತ್ತಿದ್ದು ಒಂದು ಗುರುತು. ಕುರ್ಚಿ ಮೇಲೆ ಕೂತೋರು ಇನ್ನೊಬ್ರು. ಅವರೂ ಇಳಿದ್ರು, ಮತ್ತೊಬ್ರು ಬಂದ್ರು. ನಮ್ಮನ್ನ ಯಾರೂ ಕೇಳ್ಲೇ ಇಲ್ಲ. ಇದು ಹೆಂಗೆ?"

ಈ ಪಾಠದಲ್ಲಿ ಅದನ್ನೇ ನೋಡೋಣ. ಸ್ವಲ್ಪ ಲೆಕ್ಕ ಬರುತ್ತದೆ. ಹೆದರಬೇಡಿ. ಕೊಯ್ದ ಕಾಫಿ ಹಣ್ಣಿನ ಕೆ.ಜಿ. ಲೆಕ್ಕವನ್ನು ರೈಟರ್ ಬರೆಯುವುದಕ್ಕೆ ಮುಂಚೆಯೇ ಬಾಯಲ್ಲಿ ಹೇಳುವವರು ನಾವು. ಈ ಲೆಕ್ಕ ಅದಕ್ಕಿಂತ ಸುಲಭ.

ಬಹುಮತ ಎಂದರೆ ಏನು?

ಮೊದಲು ಒಂದು ಮಾತು. ನಾವು ಮುಖ್ಯಮಂತ್ರಿಗೆ ವೋಟು ಹಾಕುವುದಿಲ್ಲ. ನಾವು ಶಾಸಕರಿಗೆ ವೋಟು ಹಾಕುತ್ತೇವೆ. ಎಮ್ಮೆಲ್ಲೆ ಅನ್ನುತ್ತೇವಲ್ಲ, ಅವರೇ ಶಾಸಕರು. ನಮ್ಮ ರಾಜ್ಯದಲ್ಲಿ 224 ವಿಧಾನಸಭಾ ಕ್ಷೇತ್ರಗಳಿವೆ. ಒಂದು ಕ್ಷೇತ್ರಕ್ಕೆ ಒಬ್ಬರು ಶಾಸಕರು. ಅತ್ತಿಗುಂಡಿ ಚಿಕ್ಕಮಗಳೂರು ಕ್ಷೇತ್ರಕ್ಕೆ ಸೇರಿದೆ. ಕಳಸ, ಬಾಳೂರು ಕಡೆಯವರು ಮೂಡಿಗೆರೆ ಕ್ಷೇತ್ರದವರು.

ಗೆದ್ದ ಶಾಸಕರೆಲ್ಲ ವಿಧಾನಸಭೆಯಲ್ಲಿ ಕೂರುತ್ತಾರೆ. ಯಾರ ಕಡೆ ಅರ್ಧಕ್ಕಿಂತ ಹೆಚ್ಚು ಶಾಸಕರು ಇದ್ದಾರೋ ಅವರು ಸರ್ಕಾರ ಮಾಡುತ್ತಾರೆ. 224ರ ಅರ್ಧ 112. ಅದಕ್ಕೆ ಒಂದು ಸೇರಿಸಿ. 113. ಇದಕ್ಕೆ ಬಹುಮತ ಎಂದು ಹೆಸರು. ಬಹು ಎಂದರೆ ಹೆಚ್ಚು. ಮತ ಎಂದರೆ ವೋಟು. ಬ, ಹು, ಮ, ತ. ಓದಿ ನೋಡಿ.

ಒಂದೇ ಪಕ್ಷಕ್ಕೆ 113 ಬಂದರೆ ತಕರಾರಿಲ್ಲ. ಯಾರಿಗೂ ಅಷ್ಟು ಬರದಿದ್ದರೆ? ಆಗ ಎರಡು ಮೂರು ಪಕ್ಷ ಸೇರಿ ಸರ್ಕಾರ ಮಾಡಬಹುದು. ಇದಕ್ಕೆ ಸಮ್ಮಿಶ್ರ ಸರ್ಕಾರ ಎನ್ನುತ್ತಾರೆ. ಮಿಶ್ರ ಎಂದರೆ ಬೆರಕೆ. ಪೇಪರಿನವರು ಮೈತ್ರಿ ಸರ್ಕಾರ ಎಂದೂ ಬರೆಯುತ್ತಾರೆ. ಕೆಲವರು ದೋಸ್ತಿ ಸರ್ಕಾರ ಅಂದರು.

ಕಾಫಿಪುಡಿಗೆ ಚಿಕೋರಿ ಬೆರೆಸುವುದನ್ನು ನಾವು ನೋಡಿದ್ದೇವೆ. ಬೆರೆಸಿದ ಮೇಲೆ ಬೇರೆ ಮಾಡಲು ಆಗುವುದಿಲ್ಲ. ಪಕ್ಷಗಳ ಬೆರಕೆ ಹಾಗಲ್ಲ. ಇವತ್ತು ಸೇರಿದವರು ನಾಳೆ ಬೇರೆ ಆಗಬಹುದು. ಸಮ್ಮಿಶ್ರ ಸರ್ಕಾರದ ಕಷ್ಟವೆಲ್ಲ ಅಲ್ಲಿಯೇ ಇದೆ.

2018ರ ಲೆಕ್ಕ

2018ರ ಮೇ 12ರಂದು ನಮ್ಮ ರಾಜ್ಯದಲ್ಲಿ ಚುನಾವಣೆ ನಡೆಯಿತು. ಎರಡು ಕ್ಷೇತ್ರಗಳಲ್ಲಿ ಚುನಾವಣೆ ಮುಂದಕ್ಕೆ ಹೋಯಿತು. ಉಳಿದದ್ದು 222 ಕ್ಷೇತ್ರ. ಮೇ 15ಕ್ಕೆ ಎಣಿಕೆ ಆಯಿತು.

ಕಮಲದ ಗುರುತಿನ ಬಿಜೆಪಿಗೆ 104 ಬಂತು. ಕೈ ಗುರುತಿನ ಕಾಂಗ್ರೆಸ್ಸಿಗೆ 78. ತೆನೆ ಹೊತ್ತ ಮಹಿಳೆಯ ಗುರುತಿನ ಜೆಡಿಎಸ್‌ಗೆ 37. ಆನೆ ಗುರುತಿನ ಬಿಎಸ್‌ಪಿಗೆ 1. ಇತರರು 2. ಕೂಡಿ ನೋಡಿ. 222 ಬರಬೇಕು.

ನಮ್ಮ ಜಿಲ್ಲೆಯಲ್ಲಿ ಐದು ಕ್ಷೇತ್ರ. ನಾಲ್ಕು ಕಡೆ ಕಮಲ ಗೆದ್ದಿತು. ಶೃಂಗೇರಿಯಲ್ಲಿ ಮಾತ್ರ ಕೈ ಗೆದ್ದಿತು. ಚಿಕ್ಕಮಗಳೂರು ಕ್ಷೇತ್ರದಿಂದ ಬಿಜೆಪಿಯ ಸಿ.ಟಿ. ರವಿ ಗೆದ್ದರು.

222ರಲ್ಲಿ ಬಹುಮತಕ್ಕೆ 112 ಬೇಕು. ಬಿಜೆಪಿ ಎಲ್ಲರಿಗಿಂತ ದೊಡ್ಡ ಪಕ್ಷ. ಆದರೂ 8 ಕಡಿಮೆ. ಕಾಂಗ್ರೆಸ್, ಜೆಡಿಎಸ್ ಚುನಾವಣೆಯಲ್ಲಿ ಒಬ್ಬರಿಗೊಬ್ಬರು ಎದುರಾಳಿ ಆಗಿದ್ದವು. ಎಣಿಕೆಯ ದಿನವೇ ಎರಡೂ ಸೇರಿಕೊಂಡವು. ಬೆಳಿಗ್ಗೆ ಬೈದಾಡಿದವರು ಸಂಜೆಗೆ ಒಂದೇ ಎಲೆಯಲ್ಲಿ ಉಂಡ ಹಾಗೆ ಆಯಿತು. ಜೆಡಿಎಸ್‌ನ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿ ಆಗಲಿ ಎಂದು ಕಾಂಗ್ರೆಸ್ ಹೇಳಿತು. 78 ಇದ್ದವರು 37 ಇದ್ದವರಿಗೆ ದೊಡ್ಡ ಕುರ್ಚಿ ಬಿಟ್ಟುಕೊಟ್ಟರು. ಕೊಡದಿದ್ದರೆ ಆ 37 ಅವರ ಜೊತೆಗೆ ಬರುತ್ತಿರಲಿಲ್ಲ.

78ಕ್ಕೆ 37 ಕೂಡಿ. 115. ಬಿಎಸ್‌ಪಿಯ ಒಬ್ಬರನ್ನು ಸೇರಿಸಿ. 116. ಇತರರು ಇಬ್ಬರೂ ಬಂದರು. 118. ಆದರೆ ಕುಮಾರಸ್ವಾಮಿ ರಾಮನಗರ, ಚನ್ನಪಟ್ಟಣ ಎರಡು ಕಡೆಯೂ ಗೆದ್ದಿದ್ದರು. ಎರಡು ಕಡೆ ಗೆದ್ದರೂ ಮನುಷ್ಯ ಒಬ್ಬರೇ. ಹಾಗಾಗಿ ಒಂದು ಕಳೆಯಿರಿ. 117.

ಯಾರನ್ನು ಮೊದಲು ಕರೆಯಬೇಕು ಎನ್ನುವುದು ರಾಜ್ಯಪಾಲರ ಕೈಯಲ್ಲಿ. ಆಗ ವಜುಭಾಯಿ ವಾಲಾ ರಾಜ್ಯಪಾಲರು. ಅವರು ದೊಡ್ಡ ಪಕ್ಷವಾದ ಬಿಜೆಪಿಯ ಬಿ.ಎಸ್. ಯಡಿಯೂರಪ್ಪ ಅವರನ್ನು ಕರೆದರು. ಮೇ 17ರಂದು ಯಡಿಯೂರಪ್ಪ ಮುಖ್ಯಮಂತ್ರಿ ಆದರು. ಬಹುಮತ ತೋರಿಸಲು ರಾಜ್ಯಪಾಲರು 15 ದಿನ ಕೊಟ್ಟರು. ಕಾಂಗ್ರೆಸ್, ಜೆಡಿಎಸ್ ಸುಪ್ರೀಂ ಕೋರ್ಟಿಗೆ ಹೋದವು. ಕೋರ್ಟು, 15 ದಿನ ಬೇಡ, ಮೇ 19ಕ್ಕೇ ತೋರಿಸಿ ಎಂದಿತು. ಯಡಿಯೂರಪ್ಪ ವೋಟಿಗೆ ಮುಂಚೆಯೇ ರಾಜೀನಾಮೆ ಕೊಟ್ಟರು.

ಈ ದಿನಗಳಲ್ಲಿ ಕಾಂಗ್ರೆಸ್, ಜೆಡಿಎಸ್ ಪಕ್ಷಗಳು ತಮ್ಮ ಶಾಸಕರನ್ನು ರೆಸಾರ್ಟಿಗೆ, ಆಮೇಲೆ ಹೈದರಾಬಾದಿಗೆ ಕರೆದುಕೊಂಡು ಹೋಗಿ ಇಟ್ಟಿದ್ದವು. ಎದುರು ಪಕ್ಷದವರು ಎಳೆದುಕೊಂಡಾರು ಎಂಬ ಭಯ. ನಮ್ಮ ಗಿರಿಯ ಕಡೆ ರೆಸಾರ್ಟು ಅಂದರೆ ಪಾತ್ರೆ ತೊಳೆಯುವ, ಹಾಸಿಗೆ ಬಟ್ಟೆ ಬದಲಿಸುವ ಕೆಲಸ. ಶಾಸಕರಿಗೆ ಅದು ಬೇಲಿ ಹಾಕಿದ ದೊಡ್ಡಿ ಆಗಿತ್ತು.

ಮೇ 23ರಂದು ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡರು. ಕಾಂಗ್ರೆಸ್ಸಿನ ಜಿ. ಪರಮೇಶ್ವರ ಉಪಮುಖ್ಯಮಂತ್ರಿ ಆದರು. ಮೇ 25ಕ್ಕೆ ವಿಧಾನಸಭೆಯಲ್ಲಿ ಬಹುಮತ ತೋರಿಸಿದರು.

ಮಂತ್ರಿಮಂಡಲ ಕಟ್ಟುವುದು

ಮುಖ್ಯಮಂತ್ರಿ ಒಬ್ಬರೇ ಸರ್ಕಾರ ಅಲ್ಲ. ಒಂದೊಂದು ಕೆಲಸಕ್ಕೆ ಒಬ್ಬೊಬ್ಬರು ಮಂತ್ರಿ ಬೇಕು. ಜಮೀನು, ಪಹಣಿ, ಮಳೆ ಹಾನಿ ನೋಡುವುದಕ್ಕೆ ಕಂದಾಯ ಮಂತ್ರಿ. ರೇಷನ್ನಿಗೆ ಆಹಾರ ಮಂತ್ರಿ. ರಸ್ತೆ, ಸೇತುವೆಗೆ ಲೋಕೋಪಯೋಗಿ ಮಂತ್ರಿ. ಹಣದ ಪೆಟ್ಟಿಗೆಗೆ ಹಣಕಾಸು ಮಂತ್ರಿ. ಪೊಲೀಸರಿಗೆ ಗೃಹ ಮಂತ್ರಿ. ಇವರೆಲ್ಲ ಸೇರಿದರೆ ಮಂತ್ರಿಮಂಡಲ. ಇದನ್ನು ಸಂಪುಟ ಎಂದೂ ಕರೆಯುತ್ತಾರೆ. ಜೊತೆಗೆ ಜಿಲ್ಲೆಗೊಬ್ಬರು ಉಸ್ತುವಾರಿ ಮಂತ್ರಿ ಇರುತ್ತಾರೆ.

ಎಷ್ಟು ಮಂತ್ರಿಗಳು ಇರಬಹುದು? ಇದಕ್ಕೆ 2003ರಲ್ಲಿ ಸಂವಿಧಾನಕ್ಕೆ ತಿದ್ದುಪಡಿ ತಂದರು. ನೂರು ಶಾಸಕರಿಗೆ ಹದಿನೈದು ಮಂತ್ರಿ. ಅದಕ್ಕಿಂತ ಹೆಚ್ಚು ಆಗಬಾರದು. ನಮ್ಮ 224ಕ್ಕೆ ಲೆಕ್ಕ ಹಾಕಿದರೆ 34 ಬರುತ್ತದೆ. ಅದೇ ತಿದ್ದುಪಡಿ ಇನ್ನೊಂದು ಮಾತನ್ನೂ ಹೇಳುತ್ತದೆ. ರಾಜ್ಯದಲ್ಲಿ ಮುಖ್ಯಮಂತ್ರಿಯೂ ಸೇರಿ 12ಕ್ಕಿಂತ ಕಡಿಮೆ ಮಂತ್ರಿಗಳು ಇರಬಾರದು. ಈ 12 ಎಂಬ ಸಂಖ್ಯೆ ನೆನಪಿಡಿ. ಮುಂದೆ ಬೇಕಾಗುತ್ತದೆ.

34 ಕುರ್ಚಿ. ಕೇಳುವವರು ನೂರಕ್ಕೂ ಹೆಚ್ಚು. ಎರಡು ಪಕ್ಷ ಕೂತು ಹಂಚಿಕೊಂಡವು. ಕಾಂಗ್ರೆಸ್ಸಿಗೆ 22. ಮುಖ್ಯಮಂತ್ರಿಯೂ ಸೇರಿ ಜೆಡಿಎಸ್‌ಗೆ 12. ಹಣಕಾಸು ಜೆಡಿಎಸ್‌ಗೆ. ಗೃಹ ಖಾತೆ ಕಾಂಗ್ರೆಸ್ಸಿಗೆ. ಜಗಳ ಬಂದರೆ ಕೂತು ಬಗೆಹರಿಸಲು ಒಂದು ಸಮನ್ವಯ ಸಮಿತಿ. ಅದಕ್ಕೆ ಸಿದ್ದರಾಮಯ್ಯ ಅಧ್ಯಕ್ಷರು. ಈ ಹಂಚಿಕೆಗೆ ಎರಡು ವಾರ ಹಿಡಿಯಿತು. ಜೂನ್ 6ರಂದು 25 ಮಂತ್ರಿಗಳು ಪ್ರಮಾಣವಚನ ತೆಗೆದುಕೊಂಡರು. ಅಲ್ಲಿಯವರೆಗೆ ಮುಖ್ಯಮಂತ್ರಿ, ಉಪಮುಖ್ಯಮಂತ್ರಿ ಇಬ್ಬರೇ ಇದ್ದರು. ಕೆಲವು ಕುರ್ಚಿಗಳನ್ನು ಖಾಲಿ ಇಟ್ಟುಕೊಂಡರು. ಸಿಗದವರಿಗೆ ಮುಂದೆ ಸಿಗಬಹುದು ಎಂಬ ಆಸೆ ಇರಲಿ ಅಂತ.

ಆ 25 ಜನರಲ್ಲಿ ಹೆಂಗಸರು ಎಷ್ಟು? ಒಬ್ಬರು. ಕಾಂಗ್ರೆಸ್ಸಿನ ಜಯಮಾಲಾ. ಅವರಿಗೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಖಾತೆ ಕೊಟ್ಟರು. ಜೆಡಿಎಸ್‌ನ ಗುರುತಿನಲ್ಲೇ ಹೆಂಗಸು ಇದ್ದಾಳೆ. ತಲೆ ಮೇಲೆ ತೆನೆಯ ಹೊರೆ ಹೊತ್ತಿದ್ದಾಳೆ. ಆ ಪಕ್ಷದಿಂದ ಒಬ್ಬ ಹೆಂಗಸೂ ಮಂತ್ರಿ ಆಗಲಿಲ್ಲ. ಗ್ರಾಮ ಪಂಚಾಯಿತಿಯಲ್ಲಿ ನೂರಕ್ಕೆ ಐವತ್ತು ಸ್ಥಾನ ನಮಗೆ ಇದೆ. ಮಂತ್ರಿಮಂಡಲಕ್ಕೆ ಆ ನಿಯಮ ಇಲ್ಲ.

ಹಾಗಂತ ನಮ್ಮ ಕಡೆಯ ಹೆಂಗಸರು ಮಂತ್ರಿ ಆಗಿಯೇ ಇಲ್ಲ ಎನ್ನಬೇಡಿ. ಮೂಡಿಗೆರೆಯಿಂದ ಗೆದ್ದ ಮೋಟಮ್ಮ ಅವರು ಎಸ್.ಎಂ. ಕೃಷ್ಣ ಅವರ ಸರ್ಕಾರದಲ್ಲಿ ಮಂತ್ರಿ ಆಗಿದ್ದರು. ನಮ್ಮ ಸ್ತ್ರೀಶಕ್ತಿ ಸಂಘಗಳು ಶುರುವಾದದ್ದು ಆ ಸರ್ಕಾರದ ಕಾಲದಲ್ಲಿಯೇ. ಆದರೆ ಅವರಿಗೂ ಕೊಟ್ಟದ್ದು ಮಹಿಳೆ ಮತ್ತು ಮಕ್ಕಳ ಖಾತೆಯನ್ನೇ. ಕಂದಾಯ, ಲೋಕೋಪಯೋಗಿ ಖಾತೆ ಹೆಂಗಸರಿಗೆ ಯಾಕೆ ಬರುವುದಿಲ್ಲ? ಮನೆಯ ಹಣ ಹತ್ತು ಜನರಿಗೆ ಸರಿದೂಗಿಸುವವರು ರಾಜ್ಯದ ಹಣ ನೋಡಲಾರರೇ?

ಮುಯ್ಯಾಳಿನ ಮಾತು

ಪಕ್ಷಗಳು ಹೀಗೆ ಹಂಚಿಕೊಳ್ಳುವುದು ಬರೀ ಒಪ್ಪಂದ. ಅದು ಕಾನೂನಲ್ಲ. ಮುರಿದರೆ ಜೈಲಿಲ್ಲ, ದಂಡವಿಲ್ಲ. ಇದು ಗೊತ್ತಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಗದ್ದೆ ಕೆಲಸದಲ್ಲಿ ಮುಯ್ಯಾಳು ಅಂತ ಇದೆ. ಇವತ್ತು ನಾವು ನಿಮ್ಮ ಗದ್ದೆಗೆ ನಾಟಿಗೆ ಬರುತ್ತೇವೆ. ನಾಳೆ ನೀವು ನಮ್ಮ ಗದ್ದೆಗೆ ಬನ್ನಿ. ಕೂಲಿ ಇಲ್ಲ, ಕಾಗದ ಇಲ್ಲ. ಬಾಯಿ ಮಾತೇ ಎಲ್ಲ.

2004ರ ಚುನಾವಣೆಯಲ್ಲಿಯೂ ಯಾರಿಗೂ ಬಹುಮತ ಬರಲಿಲ್ಲ. ಬಿಜೆಪಿಗೆ 79, ಕಾಂಗ್ರೆಸ್ಸಿಗೆ 65, ಜೆಡಿಎಸ್‌ಗೆ 58. ಮೊದಲು ಕಾಂಗ್ರೆಸ್, ಜೆಡಿಎಸ್ ಸೇರಿ ಸರ್ಕಾರ ಮಾಡಿದವು. ಕಾಂಗ್ರೆಸ್ಸಿನ ಧರಂ ಸಿಂಗ್ ಮುಖ್ಯಮಂತ್ರಿ. ಅದು 2006ರ ಜನವರಿಯಲ್ಲಿ ಬಿತ್ತು. ಫೆಬ್ರುವರಿ 3ಕ್ಕೆ ಜೆಡಿಎಸ್ ಬಿಜೆಪಿಯ ಜೊತೆ ಸೇರಿ ಸರ್ಕಾರ ಮಾಡಿತು. ಒಪ್ಪಂದ ಥೇಟ್ ಮುಯ್ಯಾಳಿನ ಹಾಗೆ. ಮೊದಲ 20 ತಿಂಗಳು ಕುಮಾರಸ್ವಾಮಿ ಮುಖ್ಯಮಂತ್ರಿ. ಆಮೇಲಿನ 20 ತಿಂಗಳು ಯಡಿಯೂರಪ್ಪ.

ಆ ಸರ್ಕಾರ ಕೆಲಸ ಮಾಡಲಿಲ್ಲ ಎನ್ನಲು ಬರುವುದಿಲ್ಲ. ಹೆಣ್ಣು ಮಗುವಿನ ಭಾಗ್ಯಲಕ್ಷ್ಮಿ ಬಾಂಡ್ ಬಂದದ್ದು ಆಗಲೇ. ಎಂಟನೇ ಕ್ಲಾಸಿನ ಹೆಣ್ಣುಮಕ್ಕಳಿಗೆ ಸೈಕಲ್ ಬಂದದ್ದೂ ಆಗಲೇ. ನಮ್ಮ ಗುಡ್ಡದ ದಾರಿಯಲ್ಲಿ ಸೈಕಲ್ ತುಳಿಯುವುದಕ್ಕಿಂತ ತಳ್ಳುವುದೇ ಹೆಚ್ಚು, ಅದು ಬೇರೆ ಮಾತು.

2007ರ ಅಕ್ಟೋಬರ್‌ನಲ್ಲಿ 20 ತಿಂಗಳು ಮುಗಿಯಿತು. ಜೆಡಿಎಸ್ ಕುರ್ಚಿ ಬಿಡಲಿಲ್ಲ. ಬಿಜೆಪಿ ಬೆಂಬಲ ವಾಪಸ್ ತೆಗೆದುಕೊಂಡಿತು. ಸರ್ಕಾರ ಬಿತ್ತು. ರಾಷ್ಟ್ರಪತಿ ಆಡಳಿತ ಬಂತು. ಮತ್ತೆ ಮಾತುಕತೆ ಆಗಿ ನವೆಂಬರ್ 12ಕ್ಕೆ ಯಡಿಯೂರಪ್ಪ ಮುಖ್ಯಮಂತ್ರಿ ಆದರು. ಏಳೇ ದಿನ. ಜೆಡಿಎಸ್ ಬೆಂಬಲ ಕೊಡಲಿಲ್ಲ. ನವೆಂಬರ್ 19ಕ್ಕೆ ಅವರು ರಾಜೀನಾಮೆ ಕೊಟ್ಟರು. ನಮ್ಮಲ್ಲಾದರೆ ಮುಯ್ಯಿಗೆ ಬರದವರ ಮನೆಗೆ ಮುಂದಿನ ವರ್ಷ ಯಾರೂ ನಾಟಿಗೆ ಹೋಗುವುದಿಲ್ಲ. ರಾಜಕೀಯದಲ್ಲಿ ಆ ಸಿಟ್ಟು ಅಷ್ಟು ದಿನ ಇರುವುದಿಲ್ಲ.

ಸರ್ಕಾರ ಬಿದ್ದದ್ದು ಹೇಗೆ?

ಈಗ 2018ರ ಸರ್ಕಾರಕ್ಕೆ ವಾಪಸ್ ಬರೋಣ. ಜುಲೈ 5ಕ್ಕೆ ಬಜೆಟ್ ಆಯಿತು. ರೈತರ 34,000 ಕೋಟಿ ರೂಪಾಯಿ ಸಾಲ ಮನ್ನಾ ಎಂದರು. ಪಹಣಿ ಇದ್ದವರಿಗೆ ಅದು ದೊಡ್ಡ ಸುದ್ದಿ. ಲೈನು ಮನೆಯಲ್ಲಿ ಇರುವ ನಮಗೆ ಜಮೀನೂ ಇಲ್ಲ, ಬೆಳೆ ಸಾಲವೂ ಇಲ್ಲ. ಮನ್ನಾ ಎಲ್ಲಿಂದ ಬರಬೇಕು? ಮಾತೃಶ್ರೀ ಎಂಬ ಯೋಜನೆಯನ್ನೂ ಹೇಳಿದರು. ಬಡ ಬಸುರಿಯರಿಗೆ ಹೆರಿಗೆಗೆ ಮುಂಚೆ ಮೂರು ತಿಂಗಳು, ಹೆರಿಗೆ ಆದ ಮೇಲೆ ಮೂರು ತಿಂಗಳು, ತಿಂಗಳಿಗೆ 1,000 ರೂಪಾಯಿ. ಕೂಲಿಗೆ ಹೋಗಲಾಗದ ದಿನಗಳಲ್ಲಿ ಈ ಹಣದ ಬೆಲೆ ನಮಗೆ ಗೊತ್ತು.

ಕೆಲಸ ಒಂದು ಕಡೆ, ಕುರ್ಚಿ ಜಗಳ ಇನ್ನೊಂದು ಕಡೆ. ಡಿಸೆಂಬರ್‌ನಲ್ಲಿ ಸಂಪುಟ ಬದಲಾಯಿತು. ಎಂಟು ಜನ ಹೊಸಬರು ಬಂದರು. ರಮೇಶ ಜಾರಕಿಹೊಳಿ ಮತ್ತು ಆರ್. ಶಂಕರ್ ಎಂಬ ಇಬ್ಬರನ್ನು ಕೈಬಿಟ್ಟರು. ಕೈಬಿಟ್ಟವರು ಸುಮ್ಮನೆ ಕೂರಲಿಲ್ಲ.

2019ರ ಏಪ್ರಿಲ್ 18ಕ್ಕೆ ನಮ್ಮ ಕಡೆ ಲೋಕಸಭೆ ಚುನಾವಣೆ. ನಿಮಗೆ ನೆನಪಿರಬಹುದು. ಯಂತ್ರದಲ್ಲಿ ಕೈ ಗುರುತು ಇರಲೇ ಇಲ್ಲ. "ಕೈ ಎಲ್ಲೋಯ್ತು?" ಅಂತ ಹುಡುಕಿದವರಿದ್ದಾರೆ. ಸರ್ಕಾರದ ಎರಡು ಪಕ್ಷಗಳು ಲೋಕಸಭೆ ಸೀಟುಗಳನ್ನೂ ಹಂಚಿಕೊಂಡಿದ್ದವು. ಉಡುಪಿ-ಚಿಕ್ಕಮಗಳೂರು ಜೆಡಿಎಸ್ ಪಾಲಿಗೆ ಬಂದಿತ್ತು. ಕಾಂಗ್ರೆಸ್ಸಿನಲ್ಲಿದ್ದ ಪ್ರಮೋದ್ ಮಧ್ವರಾಜ್ ತೆನೆ ಹೊತ್ತ ಮಹಿಳೆಯ ಗುರುತಿನಲ್ಲಿ ನಿಂತರು. ಬಿಜೆಪಿಯ ಶೋಭಾ ಕರಂದ್ಲಾಜೆ ಗೆದ್ದರು. ರಾಜ್ಯದ 28 ಸ್ಥಾನಗಳಲ್ಲಿ ಬಿಜೆಪಿಗೆ 25 ಬಂತು. ಕಾಂಗ್ರೆಸ್ಸಿಗೆ 1, ಜೆಡಿಎಸ್‌ಗೆ 1, ಪಕ್ಷೇತರರಿಗೆ 1. ಮೇಲಿನ ನಾಯಕರು ಕೈ ಜೋಡಿಸಿದರೂ ಕೆಳಗಿನ ವೋಟುಗಳು ಜೋಡಣೆ ಆಗಿರಲಿಲ್ಲ. ಅಂದಿನಿಂದ ಸರ್ಕಾರ ಅಲುಗಾಡತೊಡಗಿತು.

ಜುಲೈ 1ಕ್ಕೆ ಇಬ್ಬರು ಶಾಸಕರು ರಾಜೀನಾಮೆ ಕೊಟ್ಟರು. ಅವರಲ್ಲಿ ಒಬ್ಬರು ಅದೇ ರಮೇಶ ಜಾರಕಿಹೊಳಿ. ಜುಲೈ 6ಕ್ಕೆ ಇನ್ನೂ ಹತ್ತಾರು ಮಂದಿ ಕೊಟ್ಟರು. ಕೊಟ್ಟವರು ಮುಂಬೈಗೆ ಹೋಗಿ ಹೋಟೆಲಿನಲ್ಲಿ ಉಳಿದರು. ಹಣ, ಪದವಿಯ ಆಸೆ ತೋರಿಸಿ ಎಳೆದರು ಎಂದು ಸರ್ಕಾರದವರು ಬಿಜೆಪಿಯನ್ನು ದೂರಿದರು. ನಿಮ್ಮ ಮನೆ ಜಗಳಕ್ಕೆ ನಾವು ಹೊಣೆ ಅಲ್ಲ ಎಂದು ಬಿಜೆಪಿ ಹೇಳಿತು. ಹೋದವರಿಗೆ ಮಂತ್ರಿ ಸ್ಥಾನ ಕೊಟ್ಟು ಕರೆಯೋಣ ಎಂದು ಇದ್ದ ಮಂತ್ರಿಗಳೆಲ್ಲ ಜುಲೈ 8ಕ್ಕೆ ರಾಜೀನಾಮೆ ಕೊಟ್ಟರು. ಕುರ್ಚಿ ಖಾಲಿ ಮಾಡಿ ಕರೆದರೂ ಅವರು ಬರಲಿಲ್ಲ. ಕೈಬಿಟ್ಟಿದ್ದ ಆರ್. ಶಂಕರ್ ಅವರನ್ನು ಜೂನ್‌ನಲ್ಲಿ ಮತ್ತೆ ಮಂತ್ರಿ ಮಾಡಿದ್ದರು. ಒಂದು ತಿಂಗಳೊಳಗೆ ಅವರೂ ಬೆಂಬಲ ವಾಪಸ್ ತೆಗೆದುಕೊಂಡರು.

ಜುಲೈ 18ಕ್ಕೆ ಕುಮಾರಸ್ವಾಮಿ ವಿಧಾನಸಭೆಯಲ್ಲಿ ವಿಶ್ವಾಸಮತ ಕೇಳಿದರು. ವಿಶ್ವಾಸ ಎಂದರೆ ನಂಬಿಕೆ. 'ಸಭೆಗೆ ನನ್ನ ಮೇಲೆ ನಂಬಿಕೆ ಇದೆಯೋ ಇಲ್ಲವೋ ಹೇಳಿ' ಎಂದು ಕೇಳುವುದು. ಸಂಘದ ಸಭೆಯಲ್ಲಿ ನಾವು ಕೈ ಎತ್ತಿಸುವ ಹಾಗೆಯೇ. ಮಾತು ಬೆಳೆಯಿತು. ವೋಟು ಮುಂದಕ್ಕೆ ಹೋಯಿತು. ಕೊನೆಗೆ ಜುಲೈ 23ರ ಸಂಜೆ ಶಾಸಕರನ್ನು ಸಾಲು ಸಾಲಾಗಿ ಎದ್ದು ನಿಲ್ಲಿಸಿ ತಲೆ ಎಣಿಸಿದರು. ಸರ್ಕಾರದ ಪರ 99. ವಿರುದ್ಧ 105. ಆರು ವೋಟಿನಿಂದ ಸರ್ಕಾರ ಬಿತ್ತು. 2018ರ ಮೇ 23ರಿಂದ 2019ರ ಜುಲೈ 23. ಸರಿಯಾಗಿ ಹದಿನಾಲ್ಕು ತಿಂಗಳು.

ಸರ್ಕಾರ ಬಿದ್ದರೆ ಏನು ನಿಲ್ಲುತ್ತದೆ?

"ಸರ್ಕಾರ ಬಿದ್ರೆ ರೇಷನ್ ನಿಲ್ಲುತ್ತಾ?" ಇದು ನಮ್ಮ ಅಕ್ಕಂದಿರ ಮೊದಲ ಭಯ.

ನಿಲ್ಲುವುದಿಲ್ಲ. ಬೀಳುವುದು ಮಂತ್ರಿಮಂಡಲ. ಅಧಿಕಾರಿಗಳು ಹಾಗೇ ಇರುತ್ತಾರೆ. ಜಿಲ್ಲಾಧಿಕಾರಿ, ತಹಶೀಲ್ದಾರ್, ನಾವು ಈಗಲೂ ಶಾನುಭೋಗರು ಅನ್ನುವ ಊರಿನ ಕಂದಾಯ ಅಧಿಕಾರಿ, ಅಂಗನವಾಡಿ ಟೀಚರ್, ಎಲ್ಲರೂ ಇರುತ್ತಾರೆ. ವಿಧವಾ ವೇತನ, ಸಂಧ್ಯಾ ಸುರಕ್ಷಾ, ಶಾಲೆಯ ಬಿಸಿಯೂಟ ನಡೆಯುತ್ತವೆ. ಯಾರಾದರೂ 'ಸರ್ಕಾರ ಬಿದ್ದಿದೆ, ಈಗ ಅರ್ಜಿ ತಗೊಳ್ಳಲ್ಲ' ಎಂದರೆ ನಂಬಬೇಡಿ. ಅರ್ಜಿ ಕೊಡಿ. ಸಹಿ, ಸೀಲು, ತಾರೀಕು ಇರುವ ಸ್ವೀಕೃತಿ ಕೇಳಿ ಪಡೆಯಿರಿ. ಸ್ವೀಕೃತಿ ಎಂದರೆ ಅರ್ಜಿ ಬಂತು ಎಂದು ಅವರು ಬರೆದುಕೊಡುವ ಚೀಟಿ.

ಹಾಗಾದರೆ ಏನೂ ನಿಲ್ಲುವುದಿಲ್ಲವೇ? ನಿಲ್ಲುತ್ತದೆ. ಹೊಸ ತೀರ್ಮಾನ ನಿಲ್ಲುತ್ತದೆ. ಅಧಿಕಾರಿ ಇದ್ದ ನಿಯಮದ ಪ್ರಕಾರ ಕೆಲಸ ಮಾಡುತ್ತಾರೆ. ನಿಯಮ ಬದಲಿಸುವುದು, ಹೆಚ್ಚು ಹಣ ಕೊಡುವುದು, ಹೊಸ ಯೋಜನೆ ಮಾಡುವುದು ಮಂತ್ರಿಮಂಡಲದ ಕೆಲಸ. ಇದರ ಬಿಸಿ ನಮ್ಮ ಜಿಲ್ಲೆಗೆ ತಟ್ಟಿದ್ದು ಅದೇ ವರ್ಷ.

2019ರ ಜುಲೈ 26ಕ್ಕೆ ಯಡಿಯೂರಪ್ಪ ಮುಖ್ಯಮಂತ್ರಿ ಆದರು. ಒಬ್ಬರೇ ಪ್ರಮಾಣವಚನ ತೆಗೆದುಕೊಂಡರು. ಬೇರೆ ಮಂತ್ರಿ ಯಾರೂ ಇಲ್ಲ. ರಾಜೀನಾಮೆ ಕೊಟ್ಟು ಬಂದವರಿಗೆ ಎಷ್ಟು ಕುರ್ಚಿ, ತಮ್ಮ ಪಕ್ಷದವರಿಗೆ ಎಷ್ಟು ಎಂದು ತೀರ್ಮಾನ ಆಗಿರಲಿಲ್ಲ.

ಅಷ್ಟರಲ್ಲಿ ಆಗಸ್ಟ್ ಬಂತು. ಮಳೆ ಬಂತು. ಗಿರಿ ರಸ್ತೆಯಲ್ಲಿ ಮಣ್ಣು ಜರಿಯುವುದು ಅತ್ತಿಗುಂಡಿಯವರಿಗೆ ಹೊಸದಲ್ಲ. ಆದರೆ ಆ ವರ್ಷ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳೇ ಕುಸಿದವು. ಮಲೆಮನೆ, ಮಧುಗುಂಡಿ ಕಡೆ ಮನೆ, ಗದ್ದೆ, ಕಾಫಿ ತೋಟ ಮಣ್ಣಿನಡಿ ಹೋದವು. ಚಾರ್ಮಾಡಿ ಘಾಟಿ ರಸ್ತೆ ಮುಚ್ಚಿತು. ಜನ ಪರಿಹಾರ ಕೇಂದ್ರಕ್ಕೆ ಬಂದರು. ಉತ್ತರದಲ್ಲಿ ಬೆಳಗಾವಿ ಕಡೆ ಕೃಷ್ಣಾ ನದಿಯ ಪ್ರವಾಹ. ರಾಜ್ಯದ ಎರಡು ತುದಿಯಲ್ಲಿ ನೀರು. ನಡುವೆ ಒಬ್ಬರೇ ಮುಖ್ಯಮಂತ್ರಿ. ಕಂದಾಯ ಮಂತ್ರಿ ಇಲ್ಲ. ಜಿಲ್ಲಾ ಉಸ್ತುವಾರಿ ಮಂತ್ರಿ ಇಲ್ಲ.

ಅದರ ಹಿಂದಿನ ವರ್ಷ, 2018ರ ಆಗಸ್ಟ್‌ನಲ್ಲಿ, ಕೊಡಗಿನಲ್ಲಿ ಹೀಗೇ ಗುಡ್ಡ ಕುಸಿದಿತ್ತು. ಆಗ ಸಮ್ಮಿಶ್ರ ಸರ್ಕಾರ. ಎಷ್ಟೇ ಜಗಳ ಇದ್ದರೂ ಕೊಡಗಿಗೆ ಸಾ.ರಾ. ಮಹೇಶ್ ಎಂಬ ಉಸ್ತುವಾರಿ ಮಂತ್ರಿ ಇದ್ದರು. ಜನ ಸಿಟ್ಟು ಮಾಡಲಿಕ್ಕಾದರೂ ಎದುರಿಗೆ ಒಬ್ಬರು ಸಿಕ್ಕರು.

ನಾವು ಮೇಲೆ ನೆನಪಿಡಿ ಎಂದ ಸಂಖ್ಯೆ ಯಾವುದು? 12. ಸಂವಿಧಾನ 12ಕ್ಕಿಂತ ಕಡಿಮೆ ಬೇಡ ಎನ್ನುತ್ತದೆ. ಇಲ್ಲಿ ಇದ್ದದ್ದು 1. ಒಬ್ಬರ ಮಂತ್ರಿಮಂಡಲ ಸರಿಯೇ ಎಂದು ಆಗ ಹಲವರು ಕೇಳಿದರು. ಯಡಿಯೂರಪ್ಪ ಊರೂರು ತಿರುಗಿದ್ದು ನಿಜ. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಎಂದು ಹೇಳಿದ್ದೂ ನಿಜ. ಜಿಲ್ಲಾಧಿಕಾರಿಗಳು, ತಹಶೀಲ್ದಾರರು ಮಳೆಯಲ್ಲಿ ನಿಂತು ಕೆಲಸ ಮಾಡಿದರು. ಆದರೂ ಮೂವತ್ತು ಜಿಲ್ಲೆಗೆ ಒಬ್ಬರು ಸಾಲುವುದಿಲ್ಲ. ಮನೆ ಕಳೆದುಕೊಂಡವರಿಗೆ ಬದಲಿ ಜಾಗ ಎಲ್ಲಿ? ಕೊಚ್ಚಿಹೋದ ತೋಟಕ್ಕೆ ಎಕರೆಗೆ ಎಷ್ಟು? ತೋಟವೇ ಹೋದ ಮೇಲೆ ಕೂಲಿಯವರ ಗತಿ ಏನು? ಇವನ್ನು ದಿನವೂ ಹಿಂದೆ ಬಿದ್ದು ಕೇಳುವ ಮಂತ್ರಿ ಬೇಕಿತ್ತು. ಕುರ್ಚಿ ಹಂಚಿಕೆ ಮುಗಿಯುವವರೆಗೆ ಮಳೆ ಕಾಯುವುದಿಲ್ಲ.

ಆಗಸ್ಟ್ 20ಕ್ಕೆ 17 ಮಂತ್ರಿಗಳು ಬಂದರು. ಜುಲೈ 26ರಿಂದ ಎಣಿಸಿ. 25 ದಿನ. ಆ 17 ಜನರಲ್ಲಿ ನಮ್ಮ ಶಾಸಕ ಸಿ.ಟಿ. ರವಿ ಇದ್ದರು. ಹೆಂಗಸರು ಎಷ್ಟು? ಮತ್ತೆ ಒಬ್ಬರೇ. ಶಶಿಕಲಾ ಜೊಲ್ಲೆ. ಖಾತೆ ಯಾವುದು? ಮತ್ತೆ ಅದೇ, ಮಹಿಳೆ ಮತ್ತು ಮಕ್ಕಳದ್ದು.

ಪಕ್ಷ ಬಿಟ್ಟವರಿಗೆ ಏನಾಯಿತು?

ಗೆದ್ದ ಮೇಲೆ ಪಕ್ಷ ಬಿಡುವುದನ್ನು ತಡೆಯಲು 1985ರಿಂದ ಒಂದು ಕಾನೂನು ಇದೆ. ಪಕ್ಷಾಂತರ ನಿಷೇಧ ಕಾನೂನು. ಪಕ್ಷ ಬಿಟ್ಟರೆ ಶಾಸಕ ಸ್ಥಾನ ಹೋಗುತ್ತದೆ. ಆದರೆ ಇವರು ಪಕ್ಷ ಬಿಟ್ಟೆವು ಎನ್ನಲಿಲ್ಲ. ಶಾಸಕ ಸ್ಥಾನಕ್ಕೇ ರಾಜೀನಾಮೆ ಕೊಟ್ಟೆವು ಎಂದರು. ಬೇಲಿ ಹಾರಲಿಲ್ಲ, ಗೇಟು ತೆಗೆದುಕೊಂಡೇ ಹೋದೆವು ಎಂದ ಹಾಗೆ.

ಆಗಿನ ಸ್ಪೀಕರ್ ಕೆ.ಆರ್. ರಮೇಶ್ ಕುಮಾರ್ ಇದನ್ನು ಒಪ್ಪಲಿಲ್ಲ. 17 ಜನರನ್ನು ಅನರ್ಹ ಮಾಡಿದರು. ಅನರ್ಹ ಎಂದರೆ ಆ ಸ್ಥಾನದಲ್ಲಿ ಇರಲು ಅರ್ಹತೆ ಇಲ್ಲದವರು. ಈ ವಿಧಾನಸಭೆ ಮುಗಿಯುವವರೆಗೆ ಚುನಾವಣೆಗೂ ನಿಲ್ಲಬಾರದು ಎಂದರು. ಅವರು ಸುಪ್ರೀಂ ಕೋರ್ಟಿಗೆ ಹೋದರು. ನವೆಂಬರ್ 13ಕ್ಕೆ ತೀರ್ಪು ಬಂತು. ಅನರ್ಹ ಮಾಡಿದ್ದು ಸರಿ. ಆದರೆ ಚುನಾವಣೆಗೆ ನಿಲ್ಲಬೇಡಿ ಎನ್ನುವುದು ಸರಿಯಲ್ಲ. ಜನರ ಮುಂದೆ ಹೋಗಲಿ.

ಡಿಸೆಂಬರ್ 5ಕ್ಕೆ 15 ಕ್ಷೇತ್ರಗಳಲ್ಲಿ ಉಪಚುನಾವಣೆ ಆಯಿತು. ಪಕ್ಷ ಬಿಟ್ಟವರಲ್ಲಿ ಹೆಚ್ಚಿನವರು ಈಗ ಕಮಲದ ಗುರುತಿನಲ್ಲಿ ನಿಂತರು. ಬಿಜೆಪಿ 12 ಗೆದ್ದಿತು. ಕಾಂಗ್ರೆಸ್ 2. ಪಕ್ಷೇತರ 1. ಜೆಡಿಎಸ್ ಒಂದೂ ಇಲ್ಲ. ಪಕ್ಷ ಬಿಟ್ಟು ಬಂದು ಗೆದ್ದವರಲ್ಲಿ ಹತ್ತು ಜನ 2020ರ ಫೆಬ್ರುವರಿ 6ಕ್ಕೆ ಮಂತ್ರಿಗಳಾದರು.

ಈಗ ಅಕ್ಕಂದಿರ ಪ್ರಶ್ನೆಗೆ ಉತ್ತರ ಬಂತು. ಆ 15 ಕ್ಷೇತ್ರದವರನ್ನು ಕೇಳಿದರು. ಅವರು ಮತ್ತೆ ಸಾಲಿನಲ್ಲಿ ನಿಂತರು, ಮತ್ತೆ ಗುಂಡಿ ಒತ್ತಿದರು. ನಮ್ಮ ಜಿಲ್ಲೆಯ ಯಾವ ಕ್ಷೇತ್ರವೂ ಅದರಲ್ಲಿ ಇರಲಿಲ್ಲ. ಅತ್ತಿಗುಂಡಿಯವರ ಸರದಿ ಮತ್ತೆ ಬಂದದ್ದು 2023ರ ಮೇ ತಿಂಗಳಲ್ಲಿ.

ಓದಿ, ಲೆಕ್ಕ ಮಾಡಿ, ಮಾತಾಡಿ

104, 78, 37, 1, 2. ಇವನ್ನು ನಿಮ್ಮ ಪುಸ್ತಕದಲ್ಲಿ ಒಂದರ ಕೆಳಗೆ ಒಂದು ಬರೆದು ಕೂಡಿ.

ಜುಲೈ 23ರಂದು ಒಟ್ಟು ಎಷ್ಟು ಜನ ವೋಟು ಹಾಕಿದರು? 99 ಮತ್ತು 105 ಕೂಡಿ. ಅದರ ಅರ್ಧ ಎಷ್ಟು?

ಪಕ್ಷ ಬಿಡುವ ಮುಂಚೆ ಶಾಸಕರು ವೋಟು ಕೊಟ್ಟವರನ್ನು ಕೇಳಬೇಕೇ? ಕೇಳುವುದಾದರೆ ಎಲ್ಲಿ, ಹೇಗೆ ಕೇಳಬಹುದು? ಸಂಘದ ಸಭೆಯಲ್ಲಿ ಚರ್ಚೆ ಮಾಡಿ.

ಈಗಿನ ಕಂದಾಯ ಮಂತ್ರಿ ಯಾರು? ನಮ್ಮ ಜಿಲ್ಲೆಯ ಉಸ್ತುವಾರಿ ಮಂತ್ರಿ ಯಾರು? ಮಂತ್ರಿಮಂಡಲದಲ್ಲಿ ಹೆಂಗಸರು ಎಷ್ಟು, ಅವರಿಗೆ ಯಾವ ಖಾತೆ ಕೊಟ್ಟಿದ್ದಾರೆ? ಪೇಪರ್ ಓದಿ ಅಥವಾ ಪಂಚಾಯಿತಿಯಲ್ಲಿ ಕೇಳಿ, ಹೆಸರುಗಳನ್ನು ನಿಮ್ಮ ಕೈಯಲ್ಲೇ ಇಲ್ಲಿ ಬರೆಯಿರಿ.